ಹದಿನೇಳು ಏನು?

ಟಿಕೋಟಾ

ಜರ್ಮನಿಗೆ ಹೋಗುವವರ ಚೀಲದಲ್ಲಿ ಏನೇನಿರಬೇಕು ಎಂದು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಐದು ಕಿಲೋ ಒಣದ್ರಾಕ್ಷಿ ಇರಬೇಕೆಂದು ಯಾವುದರಲ್ಲೂ ಬರೆದಿಲ್ಲ. ನಮ್ಮ ಅತ್ತೆ ಶಾಂತವ್ವನವರು ಆ ಪುಸ್ತಕಗಳನ್ನು ಓದಿದವರಲ್ಲ. ನಾನು ಮಡಚಿಟ್ಟ ಎರಡು ಸ್ವೆಟರುಗಳನ್ನು ಹೊರಗೆ ತೆಗೆದು ಆ ಜಾಗದಲ್ಲಿ ದ್ರಾಕ್ಷಿಯ ಪೊಟ್ಟಣ ತುಂಬುತ್ತಿದ್ದರು.

“ಅತ್ತಿ, ಅಲ್ಲಿ ಥಂಡಿ ಇರತೈತಿ,” ಎಂದೆ.

“ಥಂಡಿಗೆ ಮೈ ನಡಗತೈತಿ, ಬರಿಗೈಲೆ ಹೋದ್ರ ಮಾನ ಹೋಗತೈತಿ. ಅಷ್ಟ ದೂರದವರು ಕರದಾರ.”

“ಅದೇನ ಮದುವಿ ಅಲ್ರಿ. ಗಣಿತದ ಸಭಾ.”

“ಗಣಿತದವರು ತಿನ್ನೂದಿಲ್ಲೇನ?”

ಒಂದು ಸ್ವೆಟರನ್ನು ಮೈಮೇಲೆ ಹಾಕಿಕೊಂಡೇ ಹೋಗುವುದೆಂದು ರಾಜಿಯಾಯಿತು. ಟಿಕೋಟಾದ ಬಿಸಿಲಿನಲ್ಲಿ ಸ್ವೆಟರು ಹಾಕಿಕೊಂಡು ವಿಜಯಪುರದ ಬಸ್ಸು ಹತ್ತಿದವಳನ್ನು ಜನ ಜ್ವರ ಬಂದವಳೆಂದು ತಿಳಿದು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ನಾನು ಸುನಂದಾ. ವಿಜಯಪುರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ತವರು ಬಬಲೇಶ್ವರ, ಗಂಡನ ಮನೆ ಟಿಕೋಟಾ. ವಾರವೆಲ್ಲ ಕರಿಹಲಗೆಯ ಮುಂದೆ, ಭಾನುವಾರ ಮನೆಯ ದ್ರಾಕ್ಷಿ ಪಡದಲ್ಲಿ, ಅಂದರೆ ತೋಟದಲ್ಲಿ. ನನ್ನ ಸಂಶೋಧನೆ ಬೀಜಗಣಿತಕ್ಕೂ ಎಣಿಕೆಯ ಗಣಿತಕ್ಕೂ ನಡುವಿನ ಗಡಿಯಲ್ಲಿದೆ. ಗಡಿ ಎಂದರೆ ರಾಜ್ಯದ ಅಂಚಿನ ಊರು ನಮ್ಮ ಕನಮಡಿಯಂಥದು, ಈ ಕಡೆಯ ಮಾತೂ ನಡೆಯುತ್ತದೆ, ಆ ಕಡೆಯ ಮಾತೂ ನಡೆಯುತ್ತದೆ, ಎರಡೂ ಕಡೆಯವರು ನಮ್ಮನ್ನು ತಮ್ಮವರೆಂದು ಮಾತ್ರ ಒಪ್ಪುವುದಿಲ್ಲ.

ಓದುಗರು ಹೆದರಬೇಕಾಗಿಲ್ಲ. ಬೀಜಗಣಿತವನ್ನು ಒಂದು ಹಿಟ್ಟಿನ ಗಿರಣಿ ಎಂದುಕೊಳ್ಳಿ. ಈ ಕಡೆ ಏನೋ ಸುರಿದರೆ ಆ ಕಡೆ ಒಂದು ಸಂಖ್ಯೆ ಬೀಳುತ್ತದೆ, ಹದಿನೇಳು ಅನ್ನಿ. ಆ ಸಂಖ್ಯೆ ಎಂದೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಅರ್ಧ ಕಾಲು ಎಂದು ಮುರಿಯುವುದೂ ಇಲ್ಲ. ಅಂದಮೇಲೆ ಅದು ಎಲ್ಲೋ ಯಾವುದನ್ನೋ ಎಣಿಸುತ್ತಿರಲೇಬೇಕು. ಯಾವುದನ್ನು ಎಂದು ಗಿರಣಿ ಹೇಳುವುದಿಲ್ಲ. ಎಷ್ಟು ಎಂದು ಗೊತ್ತು, ಏನು ಎಂದು ಗೊತ್ತಿಲ್ಲ. ಆ ‘ಏನು’ ಹುಡುಕುವುದೇ ನನ್ನ ಕೆಲಸ.

ಹೊಸ ಸೊಸೆಯಾಗಿ ಬಂದಾಗ ಇದನ್ನೆಲ್ಲ ಶಾಂತವ್ವನವರಿಗೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, “ಹದಿನೇಳು ಏನು?” ಎಂದರು. “ಅದ ಗೊತ್ತಿಲ್ರಿ,” ಎಂದೆ. ಅಂದಿನಿಂದ ಅವರು ನನ್ನ ವಕೀಲರು. ಯಾರದೇ ಮದುವೆಗೆ ಹೋದರೂ ಬೀಗರು ಕೇಳುತ್ತಿದ್ದರು, “ನಿಮ್ಮ ಸೊಸಿ ಇನ್ನೂ ಏನ ಓದಾಕತ್ತಾಳ್ರಿ?”

“ಆಕಿಗೆ ಹದಿನೇಳು ಸಿಕ್ಕೈತಿ. ಏನು ಹದಿನೇಳು ಅನ್ನೂದ ಹುಡುಕಾಕತ್ತಾಳ.”

ಕನಮಡಿಯ ಗೌರಕ್ಕ ಎಂಬ ದೊಡ್ಡ ಬಾಯಿಯ ಬೀಗಿತಿ ಒಮ್ಮೆ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, “ಎಮ್ಮಿ ಕಳಕೊಂಡವರು ಎಮ್ಮಿ ಹುಡುಕ್ತಾರ. ಈಕಿ ಬರೇ ಎಣಿಕಿ ಹಿಡಕೊಂಡು ಕುಂತಾಳಲ್ಲ,” ಎಂದಳು.

“ಎಣಿಕಿ ಐತೆಲ್ಲ, ಎಮ್ಮಿ ಎಲ್ಲಿ ಹೋಗತಾವ,” ಎಂದರು ಶಾಂತವ್ವ.

ಎಮ್ಮೆ ಕಳೆದ ವರ್ಷ ಸಿಕ್ಕಿತು, ಅಥವಾ ಸಿಕ್ಕಿತೆಂದು ತಿಳಿದೆ. ಗಿರಣಿಯ ಸಂಖ್ಯೆಗಳು ದ್ರಾಕ್ಷಿಗೊಂಚಲಿನಂಥ ಪುಟ್ಟ ಚಿತ್ರಗಳನ್ನು ಎಣಿಸುತ್ತಿದ್ದವು. ಎಲ್ಲ ಗೊಂಚಲೂ ಅಲ್ಲ, ಎರಡು ನಿಯಮ ಪಾಲಿಸುವ ಗೊಂಚಲುಗಳು ಮಾತ್ರ. ಅದಕ್ಕೆ ಸಾಧನೆ, ಅಂದರೆ ಪುರಾವೆ, ಬರೆದೆ, ಅದರ ನಡುವೆ ‘ಉಳಿದದ್ದೂ ಹೀಗೆಯೇ’ ಎಂಬ ಒಂದು ಸಾಲು ಹಾಕಿದೆ. ಗಣಿತದವರು ಎಡವುವುದೆಲ್ಲ ಆ ಸಾಲಿನ ಹೊಸ್ತಿಲಲ್ಲೇ. ಅದರ ಬಗ್ಗೆ ಬಂದು ಮಾತಾಡಿ ಎಂದು ಜರ್ಮನಿಯಿಂದ ಕರೆ ಬಂತು. ಅಲ್ಲಿಯವರು ಒಪ್ಪಿದ ಮೇಲೆ ಅತ್ತೆಗೆ ತೋರಿಸೋಣವೆಂದು ಸುಮ್ಮನಿದ್ದೆ. ಹೊರಡುವ ವಾರ ನೆನಪಾಯಿತು, ಇಷ್ಟು ವರ್ಷ ಹದಿನೇಳು ಹದಿನೇಳು ಎಂದು ಊರೆಲ್ಲ ಹೇಳಿಸಿದ್ದೆ, ಆ ಹದಿನೇಳನ್ನೇ ಒಮ್ಮೆಯೂ ಕೈಯಾರೆ ಎಣಿಸಿರಲಿಲ್ಲ. ಕುಳಿತು ಗೊಂಚಲುಗಳನ್ನು ಎಣಿಸಿದೆ. ಹದಿನೆಂಟು ಬಂತು.

ಹದಿನೇಳು ಎಂಬುದು ಓಟ್ಟೋ ಎಂಬ ಹಿರಿಯ ಗಣಿತಜ್ಞರು ಹಿಂದೆಂದೋ ಕೈಲೆಕ್ಕದಲ್ಲಿ ಮಾಡಿದ ಗಿರಣಿಯ ಸಂಖ್ಯೆಗಳ ಕೋಷ್ಟಕದ ಕೊನೆಯ ಸಾಲು. ಆ ಕೋಷ್ಟಕ ತಪ್ಪಿದ್ದರೆ ನಾನು ಉಳಿದೆ. ಸರಿಯಿದ್ದರೆ ಇಷ್ಟು ವರ್ಷದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಓಟ್ಟೋ ಆ ಸಭೆಗೆ ಬರುವವರಿದ್ದರು. ನನ್ನ ಭಾಷಣ ಗುರುವಾರ. ಅದಕ್ಕೆ ಮೊದಲು ಅವರನ್ನು ಕೇಳಿಯೇ ತೀರಬೇಕಿತ್ತು. ಅತ್ತೆಗೆ ಇದನ್ನು ಹೇಳುವ ಧೈರ್ಯವಾಗಲಿಲ್ಲ. ಬಸ್ಸು ಹೊರಡುವಾಗ ಅವರು ಕಿಟಕಿಯ ಕೆಳಗೆ ನಿಂತು, “ಬರೂವಾಗ ಏನು ಅಂತ ಕೇಳ್ಕೊಂಡ ಬಾ ಯವ್ವಾ,” ಎಂದರು.

ವಿಮಾನ ನಿಲ್ದಾಣ

ಜರ್ಮನಿಯ ಕಸ್ಟಮ್ಸ್ ಅಧಿಕಾರಿ ನನ್ನ ಚೀಲ ತೆರೆಸಿದ. ಮೊದಲು ಸಿಕ್ಕಿದ್ದು ಕಡಕ್ ರೊಟ್ಟಿ. ಅದನ್ನು ಬೆಳಕಿಗೆ ಹಿಡಿದು ನೋಡಿದ. ಬೆರಳ ಗೆಣ್ಣಿನಿಂದ ಟಕಟಕ ಬಡಿದ. ಆಮೇಲೆ ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ಬಡಿದ. ನಾನು ಅಂಚು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಬೇಕಾಯಿತು. ಕರಕರ ಸದ್ದಿಗೆ ಪಕ್ಕದ ಕೌಂಟರಿನವಳೂ ತಿರುಗಿ ನೋಡಿದಳು.

ದ್ರಾಕ್ಷಿಯ ಪೊಟ್ಟಣಗಳು ಒಂದರ ಹಿಂದೊಂದು ಹೊರಬಂದವು.

“ಇಷ್ಟೂ ನಿಮಗೇ ಏನು?” ಎಂದ.

“ಅಲ್ಲ, ಗಣಿತಜ್ಞರಿಗೆ.”

“ಎಷ್ಟು ಜನ ಗಣಿತಜ್ಞರು?”

“ಐವತ್ತು.”

ಅವನು ಮೇಲೆ ನೋಡಿ ಮನಸ್ಸಿನಲ್ಲೇ ಭಾಗಿಸಿದ. “ತಲೆಗೆ ನೂರು ಗ್ರಾಂ. ಸರಿಯಾಗಿದೆ,” ಎಂದು ಬಿಟ್ಟುಬಿಟ್ಟ. ಶೇಷ ಉಳಿದಿದ್ದರೆ ಬಿಡುತ್ತಿದ್ದನೋ ಇಲ್ಲವೋ ಹೇಳಲಾರೆ.

ರೈಲು

ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಬಬಲೇಶ್ವರದಿಂದ ವಿಜಯಪುರಕ್ಕೆ ಬರುವಷ್ಟರಲ್ಲಿ ನಮ್ಮ ಬಸ್ಸಿನಲ್ಲಿ ಎರಡು ಸಂಬಂಧ ಕುದುರಿ ಒಂದು ಮುರಿದಿರುತ್ತದೆ. ಇಲ್ಲಿ ಎದುರಿಗೆ ಕುಳಿತ ಗಂಡ ಹೆಂಡತಿ ಗಂಡ ಹೆಂಡತಿಯೆಂದು ನನಗೆ ತಿಳಿದದ್ದು ಇಳಿಯುವಾಗ, ಅವಳು ಅವನ ಛತ್ರಿಯನ್ನು ಎತ್ತಿಕೊಟ್ಟಾಗ.

ಸೀಟಿನ ಪದ್ಧತಿಯೂ ನನಗೆ ಹೊಸದು. ನಮ್ಮಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲೋ ಕರವಸ್ತ್ರವೋ ಒಗೆದರೆ, ಅಂದರೆ ಎಸೆದರೆ, ಸೀಟು ನಮ್ಮದು. ಮಮದಾಪುರದ ಬಸ್ಸಿಗೆ ಒಬ್ಬರು ಮಗುವಿನ ಟೊಪ್ಪಿಗೆ ಎಸೆದು ಮೂರು ಜನರ ಸೀಟು ಹಿಡಿದದ್ದನ್ನು ನೋಡಿದ್ದೇನೆ. ಸರ್ಕಾರದ ಕಾನೂನು ಮುರಿದವರುಂಟು, ಬೇರೆಯವರ ಟವೆಲು ಸರಿಸಿದವರಿಲ್ಲ. ಸರಿಸಿದರೆ ಮೂರು ತಲೆಮಾರಿನ ಹೆಸರು ಬೀದಿಗೆ ಬರುತ್ತದೆ. ಇಲ್ಲಿ ಕಿಟಕಿಗಳೇ ತೆರೆಯುವುದಿಲ್ಲ. ಟವೆಲಿಗೆ ಬೆಲೆಯಿಲ್ಲದ ದೇಶ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಗುಡ್ಡದ ಮೇಲಿನ ಮನೆ

ಕಾಡಿನ ನಡುವೆ ಗುಡ್ಡದ ಮೇಲೆ ಒಂದು ದೊಡ್ಡ ಮನೆ. ಕೋಣೆಗಳಿಗೆ ಬೀಗವಿಲ್ಲ, ಕದಿಯುವಂಥದು ಯಾರ ಬಳಿಯೂ ಇಲ್ಲ. ಐವತ್ತು ಗಣಿತಜ್ಞರು ವಾರವಿಡೀ ಅಲ್ಲೇ ಉಂಡು, ಅಲ್ಲೇ ಮಲಗಿ, ಒಬ್ಬರ ಮಾತು ಒಬ್ಬರು ಕೇಳಬೇಕು. ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಾರೆ. ಎಂಬತ್ತು ದಾಟಿದವರನ್ನು “ಓಟ್ಟೋ” ಎಂದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. “ಓಟ್ಟೋ ಸರ್” ಎಂದೆ. ಅವರು ಅದನ್ನು ನಮ್ಮ ಕಡೆಯ ಏನೋ ಗೌರವದ ಪದ್ಧತಿಯೆಂದು ತಿಳಿದು, ವಾರ ಪೂರ್ತಿ ನನ್ನನ್ನು “ಸುನಂದಾ ಸರ್” ಎಂದರು.

ಮೊದಲ ದಿನದ ಮೊದಲ ಭಾಷಣ ಮುಗಿಯಿತು. ಒಬ್ಬ ಕೆಂಪುಗಡ್ಡದವನು ಚೆನ್ನಾಗಿಯೇ ಮಾತಾಡಿದ್ದ. ಅವನು ಸೀಮೆಸುಣ್ಣ ಕೆಳಗಿಟ್ಟದ್ದೇ ತಡ, ಸಭೆಯಲ್ಲಿದ್ದವರೆಲ್ಲ ಗೆಣ್ಣುಗಳಿಂದ ಬೆಂಚು ಬಡಿಯತೊಡಗಿದರು.

ನಮ್ಮ ಕಾಲೇಜಿನಲ್ಲಿ ಬೆಂಚು ಬಡಿದರೆ ಅರ್ಥ ಒಂದೇ: ಸಾಕು, ಎದ್ದು ಹೋಗಿ. ಕೊನೆಯ ಬೆಂಚಿನಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ನನಗೂ ಬಿದ್ದಿವೆ, ಎಲ್ಲರಿಗೂ ಬಿದ್ದಿರುತ್ತವೆ. ಆದರೆ ತಲೆ ನರೆತವರು, ಓದಿದವರು, ಹೀಗೆ ಒಗ್ಗಟ್ಟಿನಿಂದ ಒಬ್ಬನ ಮಾನ ತೆಗೆಯುವುದೆ? ಚಹಾದ ಹೊತ್ತಿನಲ್ಲಿ ಕೆಂಪುಗಡ್ಡದವನ ಹತ್ತಿರ ಹೋಗಿ, “ಬೇಜಾರು ಮಾಡಿಕೊಳ್ಳಬೇಡಿ, ನನಗೂ ಹೀಗಾಗಿದೆ,” ಎಂದೆ. “ಧನ್ಯವಾದ,” ಎಂದ ಅವನು, ಗೊಂದಲದಿಂದ. “ಮನೆಯಲ್ಲಿ ಹೇಳಬೇಡಿ, ಮರೆತುಹೋಗುತ್ತದೆ,” ಎಂದೂ ಸೇರಿಸಿದೆ.

ಪಕ್ಕದಲ್ಲಿದ್ದ ಲೂಕಾಸ್ ಉಸಿರುಗಟ್ಟುವಷ್ಟು ನಕ್ಕ. ಅವನು ಸಭೆಯ ಸಂಘಟಕ, ತೆಳ್ಳಗಿನ ಆಳು, ಸದಾ ಗಾಬರಿಯಲ್ಲಿರುವವನು. ಇಲ್ಲಿ ಬೆಂಚು ಬಡಿಯುವುದೆಂದರೆ ಚಪ್ಪಾಳೆ ಎಂದು ತಿಳಿಸಿದ. ತಲೆ ಒಪ್ಪಿತು, ಎದೆ ಒಪ್ಪಲಿಲ್ಲ. ಪ್ರತಿ ಭಾಷಣದ ಕೊನೆಗೂ ನಾನು ಸೆರಗು ಬಿಗಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದೆ.

ಊಟದ ಮನೆ

ಆ ಮನೆಯಲ್ಲಿ ಊಟಕ್ಕೆ ಎಲ್ಲಿ ಬೇಕಾದರಲ್ಲಿ ಕೂಡುವಂತಿಲ್ಲ. ಪ್ರತಿಯೊಬ್ಬರಿಗೂ ಹೆಸರು ಹೊಲಿದ ಒಂದು ಬಟ್ಟೆಯ ಚೀಲ, ಅದರಲ್ಲಿ ಊಟಕ್ಕೆ ಕೈ ಒರೆಸುವ ಅವರ ಕರವಸ್ತ್ರ. ಪ್ರತಿ ಊಟಕ್ಕೂ ಆ ಚೀಲಗಳ ಜಾಗ ಬದಲಾಗಿರುತ್ತದೆ. ನಿಮ್ಮ ಚೀಲ ಎಲ್ಲಿದೆಯೋ ಅಲ್ಲೇ ನೀವು. ಟವೆಲಿನ ಕಾನೂನು ಇಲ್ಲೂ ಉಂಟೆಂದು ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು.

ಲೂಕಾಸ್ ಇದನ್ನು ಮನಸ್ಸಿಗೆ ಬಂದ ಹಾಗೆ ಮಾಡುತ್ತಿರಲಿಲ್ಲ. ಅವನು ಎಣಿಕೆಯ ಗಣಿತದವನು. ವಾರ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರ ಮೇಜಿನಲ್ಲಿ ಒಮ್ಮೆ, ಒಂದೇ ಒಂದು ಸಲ, ಕೂಡುವಂತೆ ಅಚ್ಚುಕಟ್ಟಾದ ಯೋಜನೆ ಹಾಕಿದ್ದ. ಅದಕ್ಕೆ ಒಂದು ಅಪವಾದವಿತ್ತು. ಓಟ್ಟೋ ಮತ್ತು ಮಾರ್ಗರೆಟೆ ಎಂದೂ ಒಂದೇ ಮೇಜಿಗೆ ಬರಕೂಡದು.

ಮಾರ್ಗರೆಟೆ ಓಟ್ಟೋ ಅವರಷ್ಟೇ ಹಿರಿಯರು, ಅಷ್ಟೇ ಹೆಸರಾದವರು. ನಮ್ಮ ಗೊಂಚಲಿನ ಚಿತ್ರ ಬರೆಯುವುದರಲ್ಲಿ ಪ್ರಪಂಚದಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ನೆಲದಿಂದ ಮೇಲಕ್ಕೆ ಗೋಡೆ ಕಟ್ಟಿದ ಹಾಗೆ ಬರೆಯುತ್ತಾರೆ, ಅವರಿಗೆ ಮಾರ್ಗರೆಟೆ ಮುಖಂಡರು. ಇನ್ನೊಂದು ಪಂಗಡದವರು ಚಪ್ಪರದಿಂದ ಕೆಳಕ್ಕೆ ಇಳಿಬಿಟ್ಟ ಹಾಗೆ ಬರೆಯುತ್ತಾರೆ, ಅವರಿಗೆ ಓಟ್ಟೋ. ಕಾಗದ ತಲೆಕೆಳಗು ಮಾಡಿದರೆ ಎರಡೂ ಒಂದೇ. ಬಹುಶಃ ಅದಕ್ಕೇ ಜಗಳ ಮುಗಿಯುವುದಿಲ್ಲ. ಇಬ್ಬರೂ ಒಂದು ಕಾಲಕ್ಕೆ ಜೊತೆಯಾಗಿ ಬರೆಯುತ್ತಿದ್ದರಂತೆ. ಅವರ ಕೊನೆಯ ಲೇಖನ ಅಚ್ಚಾಗಿ ಬಂದಾಗ ಅರ್ಧ ಚಿತ್ರಗಳು ಮೇಲ್ಮುಖ, ಅರ್ಧ ಕೆಳಮುಖವಾಗಿದ್ದವು. ಅಂದಿನಿಂದ ಮಾತು ಬಂದ್. ಈಗ ಒಬ್ಬರು ಸಭೆಯ ಬಲಗಡೆ, ಒಬ್ಬರು ಎಡಗಡೆ, ಅವರವರ ಶಿಷ್ಯರು ಅವರವರ ಹಿಂದೆ. ಬೀಗರ ಮನೆಯಲ್ಲಿ ಹೋಳಿಗೆಗೆ ತುಪ್ಪ ಹಾಕಲಿಲ್ಲವೆಂದು ಹತ್ತು ವರ್ಷ ಮಾತು ಬಿಟ್ಟವರನ್ನು ಕಂಡವಳು ನಾನು. ನನಗಿದು ವಿಚಿತ್ರವೆನಿಸಲಿಲ್ಲ.

ಏರು

ಓಟ್ಟೋ ಸಿಗುವುದು ಸುಲಭವಿರಲಿಲ್ಲ. ಭಾಷಣ ಮುಗಿದರೆ ಮಲಗಲು ಹೋಗುತ್ತಿದ್ದರು. ಚಹಾಕ್ಕೆ ಬರುತ್ತಿರಲಿಲ್ಲ. ಲೂಕಾಸನ ಯೋಜನೆಯಲ್ಲಿ ನಾನು ಅವರ ಜೊತೆ ಕೂಡುವುದು ಶುಕ್ರವಾರ, ಅಂದರೆ ನನ್ನ ಭಾಷಣದ ಮಾರನೆಯ ದಿನ. ಹೆಣ ಸುಟ್ಟ ಮೇಲೆ ವೈದ್ಯರು ಬಂದ ಹಾಗೆ.

ಬುಧವಾರ ಮಧ್ಯಾಹ್ನ ಎಲ್ಲರೂ ಕಾಡಿನಲ್ಲಿ ನಡೆದುಹೋಗಿ ಗುಡ್ಡದಾಚೆಯ ಊರಲ್ಲಿ ಕೇಕು ತಿಂದು ಬರಬೇಕು, ಅದೂ ಒಂದು ಕಟ್ಟಳೆ. ಇಲ್ಲಿ ಹಿಡಿಯುತ್ತೇನೆ ಎಂದುಕೊಂಡೆ. ನಮ್ಮ ಕಡೆ ಏರು ಎಂದರೆ ಗೋಳಗುಮ್ಮಟದ ಮೆಟ್ಟಿಲು ಮಾತ್ರ, ಉಳಿದದ್ದೆಲ್ಲ ರೊಟ್ಟಿಯ ಹಾಗೆ ಸಪಾಟು. ಆ ಅಜ್ಜ ಏರಿನಲ್ಲಿ ಮೇಕೆಯ ಹಾಗೆ ಹೋದರು. ನಾನು ಸೀರೆ, ಸ್ವೆಟರು, ಹೊಸ ಬೂಟುಗಳ ಸಮೇತ ಏದುತ್ತ ಹಿಂದೆ ಓಡಿದೆ. ಕೊನೆಗೆ ಒಂದು ತಿರುವಿನಲ್ಲಿ ಸಿಕ್ಕರು.

“ಓಟ್ಟೋ ಸರ್, ನಿಮ್ಮ ಕೋಷ್ಟಕದ ಕೊನೆಯ ಸಾಲು...”

“ನಡೆಯುವುದು ಕಾಲಿನ ಕೆಲಸ, ಸುನಂದಾ ಸರ್,” ಎಂದರು ಅವರು ನಿಲ್ಲದೆ. “ಗಣಿತ ಊಟದ ಮೇಜಿನಲ್ಲಿ. ನಿಮ್ಮ ಪಾಳಿ ಬಂದಾಗ ಕೇಳಿ.” ಕಾಡಿನೊಳಗೆ ಮಾಯವಾದರು.

ನಾನು ಒಂದು ಕಲ್ಲಿನ ಮೇಲೆ ಕುಳಿತು ಬೂಟು ಬಿಚ್ಚಿದೆ. ಅಳು ಬಂತು. ಅಳುತ್ತಿರುವಾಗಲೇ ಟಿಕೋಟಾದಿಂದ ಫೋನು ಬಂತು.

“ಕೇಳಿದೇನ ಅವರನ್ನ?” ಎಂದರು ಶಾಂತವ್ವ.

ಇನ್ನು ಮುಚ್ಚಿಡಲಾಗಲಿಲ್ಲ. “ಅತ್ತಿ, ಹದಿನೆಂಟು ಬರಾಕತ್ತೈತ್ರಿ. ಒಂದು ಹೆಚ್ಚಿಗಿ. ತಪ್ಪು ಅವರದೋ ನನ್ನದೋ ಗೊತ್ತಿಲ್ಲ. ಕೇಳಬೇಕಂದ್ರ ಅವರ ಬಾಜೂ ಕುಂಡ್ರಾಕ ಸೀಟ ಸಿಗವಲ್ದು.”

“ಒಂದು ಹೆಚ್ಚಿಗಿ ಬಂದ್ರ ಅಳೂದ್ಯಾಕ? ಕಡಿಮಿ ಬಿದ್ರ ಅಳಬೇಕು,” ಎಂದರು. “ಸೀಟಂತ ಅಳಾಕತ್ತಿಯಲ್ಲ, ಬಬಲೇಶ್ವರದಾಕಿ ಹೌದಿಲ್ಲ ನೀ? ಟವೆಲ್ ಒಗಿ.”

ಕರವಸ್ತ್ರ

ಆ ಸಂಜೆ ಊಟದ ಗಂಟೆಗೆ ಮುಂಚೆಯೇ ನಾನು ಊಟದ ಮನೆಗೆ ಹೋದೆ. ಯಾರೂ ಇರಲಿಲ್ಲ. ಓಟ್ಟೋ ಅವರ ಚೀಲ ಕಿಟಕಿಯ ಮೇಜಿನಲ್ಲಿತ್ತು. ಅದರ ಪಕ್ಕದಲ್ಲಿ ಯಾರೋ ಒಬ್ಬ ಜಪಾನಿನವರ ಚೀಲ. ನನ್ನದು ದೂರದ ಮೇಜಿನಲ್ಲಿ, ಮಾರ್ಗರೆಟೆಯವರ ಎದುರಿಗೆ. ಟವೆಲು ಸರಿಸಬಾರದೆಂಬ ಧರ್ಮ ಗೊತ್ತಿದ್ದೂ ಕೈ ಮುಂದೆ ಚಾಚಿದೆ. ಬಬಲೇಶ್ವರದ ನಿಲ್ದಾಣದಲ್ಲಿ ಮಾಡದ ಪಾಪವನ್ನು ಜರ್ಮನಿಯಲ್ಲಿ ಮಾಡಿದೆ.

ಅಷ್ಟರಲ್ಲಿ ಹೆಜ್ಜೆ ಸಪ್ಪಳವಾಯಿತು. ಗಾಬರಿಯಲ್ಲಿ ಅವಸರವಸರವಾಗಿ ಓಟ್ಟೋ ಅವರ ಎರಡೂ ಬದಿಯ ಚೀಲ ಎತ್ತಿ ದೂರದ ಮೇಜಿಗೆ ಹಾಕಿ, ಅಲ್ಲಿ ಕೈಗೆ ಸಿಕ್ಕದ್ದನ್ನು ಅವರ ಎಡಕ್ಕೂ ನನ್ನದನ್ನು ಬಲಕ್ಕೂ ತಂದಿಟ್ಟೆ. ಎಲ್ಲರೂ ಬಂದು ಕುಳಿತರು. ಓಟ್ಟೋ ಬಂದರು, ಕುಳಿತರು. ಆಗ ಅವರ ಎಡಗಡೆಯ ಕುರ್ಚಿ ಎಳೆದು ಕುಳಿತವರನ್ನು ನೋಡಿದೆ. ಮಾರ್ಗರೆಟೆ. ಅವಸರದಲ್ಲಿ ನಾನು ಅವರ ಚೀಲವನ್ನೂ ಎತ್ತಿ ತಂದಿಟ್ಟಿದ್ದೆ.

ಯಾರದೋ ಚಮಚ ನೆಲಕ್ಕೆ ಬಿತ್ತು. ಲೂಕಾಸ್ ಬಾಗಿಲಲ್ಲಿ ಸೂಪಿನ ಪಾತ್ರೆಯಷ್ಟೇ ಬೆಳ್ಳಗೆ ನಿಂತಿದ್ದ. ಇಬ್ಬರು ಹಿರಿಯರೂ ಎದುರಿನ ಗೋಡೆ ನೋಡುತ್ತ ಕುಳಿತರು. ಕರವಸ್ತ್ರ ಕೂರಿಸಿದ ಜಾಗದಿಂದ ಏಳುವುದು ಅಲ್ಲಿ ಅಷ್ಟು ಅವಮಾನ.

ಮುಳುಗಿದವರಿಗೆ ಚಳಿಯೇನು ಮಳೆಯೇನು. ನಾನು ಹೆಗಲ ಚೀಲದಿಂದ ದ್ರಾಕ್ಷಿಯ ಪೊಟ್ಟಣ ತೆಗೆದು, ಮೇಜಿನ ಬಟ್ಟೆಯ ಮೇಲೆ ನನ್ನ ಹದಿನೆಂಟು ಗೊಂಚಲುಗಳನ್ನೂ ಜೋಡಿಸತೊಡಗಿದೆ. ಉಪ್ಪಿನ ಡಬ್ಬಿ ಸರಿಸಬೇಕಾಯಿತು, ಬ್ರೆಡ್ಡಿನ ಬುಟ್ಟಿ ಕೆಳಗಿಡಬೇಕಾಯಿತು. ಸೂಪು ತಂದವಳು ಜಾಗವಿಲ್ಲದೆ ಪಾತ್ರೆ ಹಿಡಿದು ನಿಂತೇ ಇದ್ದಳು.

“ಓಟ್ಟೋ ಸರ್, ನನ್ನ ಎರಡು ನಿಯಮ ಇವು. ಇವುಗಳ ಪ್ರಕಾರ ಹದಿನೆಂಟು ಬರುತ್ತವೆ. ನಿಮ್ಮ ಕೋಷ್ಟಕ ಹದಿನೇಳು ಎನ್ನುತ್ತದೆ. ತಪ್ಪು ಯಾರದು?”

ಓಟ್ಟೋ ಕನ್ನಡಕ ಹಾಕಿಕೊಂಡು ಬಗ್ಗಿದರು. ಒಂದೊಂದೇ ಗೊಂಚಲನ್ನು ನೋಡುತ್ತ ಹೋದರು. ಒಂದರ ಹತ್ತಿರ ನಿಂತರು. ಅದರ ಮೂಲೆಯ ಒಂದು ದ್ರಾಕ್ಷಿಯನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು.

“ತಿಂದುಬಿಟ್ಟಿರಲ್ಲ,” ಎಂದೆ.

“ಅದಕ್ಕೆ ಮೇಲೆ ಜೋತು ಬೀಳಲು ಏನೂ ಇರಲಿಲ್ಲ,” ಎಂದರು ಅಗಿಯುತ್ತ. “ಉದುರಿದ ಹಣ್ಣು. ಉದುರಿದ್ದನ್ನು ತಿನ್ನಬಹುದು.”

“ಅದು ಉದುರಿರಲಿಲ್ಲ,” ಎಂದಿತು ಎಡಗಡೆಯ ದನಿ. “ಕೆಳಗಿನದರ ಮೇಲೆ ಗಟ್ಟಿಯಾಗಿ ಕುಳಿತಿತ್ತು. ಉದುರಿರುವುದು ಇದು.” ಮಾರ್ಗರೆಟೆ ಕೈ ಚಾಚಿ ಅದೇ ಗೊಂಚಲಿನ ಇನ್ನೊಂದು ಮೂಲೆಯ ದ್ರಾಕ್ಷಿ ಎತ್ತಿದರು. “ಇದರ ಕೆಳಗೆ ಆಧಾರವೇ ಇಲ್ಲ.” ಅವರೂ ತಿಂದರು.

“ಅದು ಸರಿಯಾಗಿ ಜೋತುಬಿದ್ದಿತ್ತು, ಮಾರ್ಗರೆಟೆ.”

“ನಿನಗೆ ಎಲ್ಲವೂ ಜೋತುಬಿದ್ದ ಹಾಗೆಯೇ ಕಾಣುತ್ತದೆ, ಓಟ್ಟೋ.”

ಇಬ್ಬರೂ ಒಬ್ಬರ ಹೆಸರು ಒಬ್ಬರು ಹಿಡಿದಿದ್ದರು. ಅದು ಅವರಿಗೆ ತಿಳಿದಂತೆ ಕಾಣಲಿಲ್ಲ, ಉಳಿದ ನಲವತ್ತೆಂಟು ಜನಕ್ಕೆ ತಿಳಿದಿತ್ತು. ನನ್ನ ತಲೆಯಲ್ಲಿ ಬೇರೆಯದೇ ನಡೆದಿತ್ತು. ನನ್ನ ಮೊದಲ ನಿಯಮ ಮಾರ್ಗರೆಟೆಯವರ ಲೇಖನದಿಂದ ತೆಗೆದುಕೊಂಡದ್ದು, ಗೋಡೆ ಕಟ್ಟುವವರದು. ಎರಡನೆಯದು ಓಟ್ಟೋ ಅವರದು, ಇಳಿಬಿಡುವವರದು. ಒಂದು ಕಾಲು ಬಬಲೇಶ್ವರದ ಬಸ್ಸಿನಲ್ಲಿ, ಒಂದು ಕಾಲು ಟಿಕೋಟಾದ ಬಸ್ಸಿನಲ್ಲಿ ಇಟ್ಟುಕೊಂಡು ಇಷ್ಟು ವರ್ಷ ನಿಂತಿದ್ದೆ. ಸಣ್ಣ ಗೊಂಚಲುಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡದರಲ್ಲಿ ನಡುವಿನ ಸಂದಿಯಿಂದ ಒಂದು ಕಳ್ಳಗೊಂಚಲು ಒಳಗೆ ನುಸುಳಿತ್ತು. ಎರಡೂ ನಿಯಮಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ, ದಿಕ್ಕು ಯಾವುದಾದರೂ ಸರಿ, ಅದು ನಿಲ್ಲುವುದಿಲ್ಲ.

“ಹಾಗಾದರೆ ಈ ಗೊಂಚಲು ಇಬ್ಬರಿಗೂ ಬೇಡ?” ಎಂದೆ.

“ಬೇಡವೇ ಬೇಡ,” ಎಂದರು ಇಬ್ಬರೂ ಒಟ್ಟಿಗೆ. ಕಾರಣಗಳಿಗಾಗಿ ಮತ್ತೆ ಜಗಳ ಶುರುವಾಯಿತು. ಜಗಳವಾಡುತ್ತಲೇ ಆ ಗೊಂಚಲಿನ ಉಳಿದ ಹಣ್ಣುಗಳನ್ನು ಇಬ್ಬರೂ ಸೇರಿ ತಿಂದು ಮುಗಿಸಿದರು. ಬಟ್ಟೆಯ ಮೇಲೆ ಹದಿನೇಳು ಉಳಿದವು. ನಾನು ಎಣಿಸಿದೆ, ಮತ್ತೆ ಎಣಿಸಿದೆ. ಸೂಪು ತಣ್ಣಗಾಗಿತ್ತು. ಅಂಥ ರುಚಿಯಾದ ತಣ್ಣನೆಯ ಸೂಪನ್ನು ನಾನು ಜನ್ಮದಲ್ಲಿ ಕುಡಿದಿಲ್ಲ.

ಊಟವಾದ ಮೇಲೆ ಲೂಕಾಸ್ ಬಂದ. ನಾನೇ ಒಪ್ಪಿಕೊಂಡೆ.

“ಅವರಿಬ್ಬರು ಮಾತಾಡಿದ್ದು ಒಳ್ಳೆಯದೇ ಆಯಿತು,” ಎಂದ ದುಃಖದಿಂದ. “ಆದರೆ ನನ್ನ ಯೋಜನೆ ಹಾಳಾಯಿತು. ಶುಕ್ರವಾರ ಒಬ್ಬ ಬ್ರೆಜಿಲಿನವರು ಒಬ್ಬ ಜಪಾನಿನವರ ಜೊತೆ ಎರಡನೆಯ ಸಲ ಊಟ ಮಾಡಬೇಕಾಗುತ್ತದೆ.”

ಸಮಾಧಾನಕ್ಕೆಂದು ನಮ್ಮ ಬಸ್ಸಿನ ಟವೆಲಿನ ಕಾನೂನು ಹೇಳಿದೆ. ಅವನ ಮುಖ ಅರಳಿತು. ಎರಡು ಟವೆಲು ಒಂದೇ ಸೀಟಿಗೆ ಬಿದ್ದರೆ ಏನು, ಟವೆಲು ಜಾರಿದರೆ ಸೀಟೂ ಜಾರುತ್ತದೆಯೇ ಎಂದು ಕೇಳುತ್ತಲೇ ಹೋದ. ನನಗೆ ತಿಳಿದಷ್ಟು ಹೇಳಿದೆ.

ಕರಿಹಲಗೆ

ಗುರುವಾರ ಹಲಗೆಯ ಮುಂದೆ ನಿಂತಾಗ ಇನ್ನೊಂದು ಸಂಕಟ ಎದುರಾಯಿತು. ಬಲಗಡೆ ಇಳಿಬಿಡುವವರು, ಎಡಗಡೆ ಕಟ್ಟುವವರು. ನಾನು ಮೊದಲ ಚಿತ್ರ ಯಾವ ದಿಕ್ಕಿಗೆ ಬರೆದರೂ ಅರ್ಧ ಸಭೆ ನನ್ನ ವೈರಿ. ಸೀಮೆಸುಣ್ಣ ಎತ್ತಿ ಹಿಡಿದೆ. ಐವತ್ತು ಜೋಡಿ ಕಣ್ಣು ಅದರ ತುದಿಯಲ್ಲಿದ್ದವು.

ಸೀಮೆಸುಣ್ಣ ಕೆಳಗಿಟ್ಟೆ. ಮೇಜಿನ ಕೆಳಗಿನಿಂದ ಚೀಲ ತೆಗೆದು, ಅತ್ತೆಯ ಪೊಟ್ಟಣಗಳನ್ನು ಒಂದೊಂದು ಸಾಲಿಗೆ ಹಂಚಿದೆ. “ಇದು ನಮ್ಮ ಟಿಕೋಟಾದ ದ್ರಾಕ್ಷಿ. ನಿಮಗೆ ಬೇಕಾದ ದಿಕ್ಕಿಗೆ ಜೋಡಿಸಿ. ಆದರೆ ಎರಡೂ ನಿಯಮ ಒಂದೇ ದಿಕ್ಕಿಗಿರಲಿ,” ಎಂದೆ. ಆಮೇಲೆ ‘ಉಳಿದದ್ದೂ ಹೀಗೆಯೇ’ ಎಂಬ ಸಾಲನ್ನು ಬಿಡಿಸಿ, ಅದರೊಳಗೆ ಏನೇನಿದೆಯೋ ಎಲ್ಲವನ್ನೂ ಹಲಗೆಯ ಮೇಲೆ ಹರಡಿ ಸಾಧಿಸಿದೆ. ಹಿಂದಿನಿಂದ ದ್ರಾಕ್ಷಿ ಸರಿಸುವ ಸಣ್ಣ ಸಪ್ಪಳ ಬರುತ್ತಿತ್ತು. ತಿರುಗಿ ನೋಡಿದರೆ ಲೋಕಪ್ರಸಿದ್ಧರೆಲ್ಲ ನಾಲಿಗೆ ಕಚ್ಚಿಕೊಂಡು ಬೆಂಚಿನ ಮೇಲೆ ಗೊಂಚಲು ಕಟ್ಟುತ್ತಿದ್ದರು.

“ಹದಿನೇಳು,” ಎಂದರು ಓಟ್ಟೋ.

“ಹದಿನೇಳು,” ಎಂದರು ಮಾರ್ಗರೆಟೆ, ಅವರಿಗಿಂತ ತುಸು ಜೋರಾಗಿ.

ಮೊದಲು ಬಡಿದವರು ಮಾರ್ಗರೆಟೆ. ಆಮೇಲೆ ಎಲ್ಲರೂ ಬಡಿದರು. ಅರ್ಥ ಗೊತ್ತಿದ್ದರೂ ನನ್ನ ಕೈ ತಾನಾಗಿ ಪರ್ಸು ಹುಡುಕಿತು. ಬಡಿತಕ್ಕೆ ಬೆಂಚುಗಳ ಮೇಲಿದ್ದ ಗೊಂಚಲುಗಳೆಲ್ಲ ಎಗರಿ ನೆಲಕ್ಕೆ ಉದುರಿದವು. ಐವತ್ತು ಜನ ಬಗ್ಗಿ ನನ್ನ ಪ್ರಮೇಯವನ್ನು ಆರಿಸಿಕೊಂಡು ತಿಂದರು.

ಮತ್ತೆ ಟಿಕೋಟಾ

ಭಾನುವಾರ ಊರು ಮುಟ್ಟಿದೆ. ಶಾಂತವ್ವನವರು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕುಳಿತು ಕಡ್ಡಿ ಆರಿಸುತ್ತಿದ್ದರು. ನಾನಿನ್ನೂ ಚೀಲ ಕೆಳಗಿಳಿಸಿರಲಿಲ್ಲ.

“ಕೇಳ್ಕೊಂಡ ಬಂದಿಯೇನ?” ಎಂದರು.

ನಾನು ಅವರ ಮುಂದಿನ ತಾಡಪಾಲಿನ ಮೇಲೆ ಕುಳಿತು, ರಾಶಿಯಿಂದ ಹಣ್ಣು ತೆಗೆದು, ಒಂದೊಂದಾಗಿ ಗೊಂಚಲುಗಳನ್ನು ಜೋಡಿಸಿದೆ. ಅವರು ಕೆಲಸ ಬಿಟ್ಟು ನೋಡಿದರು. ಮುಗಿದ ಮೇಲೆ ತೋರುಬೆರಳಿನಿಂದ ಒಂದೊಂದನ್ನೂ ಮುಟ್ಟದೆ ಎಣಿಸಿದರು, ದೇವರ ಮುಂದಿನ ದೀಪ ಎಣಿಸುವವರ ಹಾಗೆ. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇಡೀ ತಾಲೂಕಿಗೆ ಈ ಹೆಂಗಸು ನನ್ನ ಪರವಾಗಿ ಉತ್ತರ ಹೇಳಿದ್ದರು, ತಾವು ಮಾತ್ರ ಉತ್ತರ ನೋಡಿರಲಿಲ್ಲ.

“ಇವೇನ ಅವು?” ಎಂದರು.

“ಇವ ಅತ್ತಿ.”

“ಹೆಚ್ಚಿಗಿ ಬಂದಿತ್ತಲ್ಲ, ಹದಿನೆಂಟನೇದು, ಅದೆಲ್ಲಿ?”

“ಆ ಅಜ್ಜಾ ಅಜ್ಜಿ ಇಬ್ರೂ ಕೂಡಿ ತಿಂದಾರ್ರಿ.”

“ಹಸದಿದ್ರೇನೋ ಪಾಪ,” ಎಂದರು. “ಇನ್ನೊಂದೈದ ಕಿಲೋ ಕಳಸು ಅವರಿಗೆ.”

ಗೊಂಚಲುಗಳನ್ನು ಮತ್ತೊಮ್ಮೆ ನೋಡಿದರು. ಗಾಳಿಗೆ ಸರಿಯದಿರಲೆಂದು ಅವುಗಳ ಸುತ್ತ ತಮ್ಮ ಸೆರಗಿನ ತುದಿ ಹರಡಿದರು. ಆಮೇಲೆ ಫೋನು ತೆಗೆದು ಕನಮಡಿಗೆ ಹಚ್ಚಿದರು. ಗೌರಕ್ಕ ಎತ್ತುವ ತನಕ ಗಂಟಲು ಸರಿಮಾಡಿಕೊಂಡರು.

“ಗೌರಕ್ಕಾ, ನಾ ಶಾಂತವ್ವ. ಎಮ್ಮಿ ಸಿಕ್ಕಾವ. ಹದಿನೇಳಕ್ಕ ಹದಿನೇಳೂ ಅದಾವ, ನನ್ನ ಮುಂದ ಅದಾವ. ಒಂದು ಹೆಚ್ಚಿಗಿ ಬಂದಿತ್ತು. ಅದು ನಮ್ದಲ್ಲ, ಅಲ್ಲಿಯವರಿಗೇ ಬಿಟ್ಟ ಬಂದಾಳ.”